ದಿನಕ್ಕೊಂದು ತೊಂದರೆ

ಲಾಸೇಗೆ ಇಂಗ್ಲಿಷು ಕಿವಿಯಿಂದ ಬಂದಿತ್ತೇ ಹೊರತು ಕಣ್ಣಿನಿಂದ ಬಂದಿರಲಿಲ್ಲ. ಆಸ್ಟ್ರೇಲಿಯಾದ ಕುರಾಂಗಿ ಎಂಬ ಗೋಧಿ ಬಯಲಿನ ಊರಲ್ಲಿ, ಬಾತುಕೋಳಿ ಕಾರ್ಖಾನೆಯಲ್ಲಿ, ಅವಳು ಆರು ವರ್ಷದಿಂದ ಗರಿ ಕೀಳುತ್ತಿದ್ದಳು. ಮೇಸ್ತ್ರಿ ಎಷ್ಟು ಬೇಗಬೇಗ ಕೂಗಿದರೂ ತಿಳಿಯುತ್ತಿತ್ತು. ಅಂಗಡಿಯವಳು ಬಿಸಿಲಿಗೆ ಬೈದರೆ ತಾನೂ ಎರಡು ಮಾತು ಸೇರಿಸಲು ಬರುತ್ತಿತ್ತು. ಅದೇ ಮಾತನ್ನು ಕಾಗದದ ಮೇಲೆ ಬರೆದು ಮುಂದಿಟ್ಟರೆ ಮಾತ್ರ ಅಕ್ಷರಗಳು ಬೆಲ್ಲ ಕಂಡ ಇರುವೆಗಳಂತೆ ಒಂದರ ಮೇಲೊಂದು ಹತ್ತಿಬಿಡುತ್ತಿದ್ದವು. ಗಡಿಯ ನಿರಾಶ್ರಿತರ ಶಿಬಿರದ ಬಿದಿರು ಶಾಲೆಯಲ್ಲಿ ಮೂರನೆಯ ತರಗತಿಯವರೆಗೆ ಕೂತು, ಆಮೇಲೆ ನೀರು ಹೊರಲು ಎದ್ದು ಬಂದವಳು ಅವಳು. ಅಲ್ಲಿ ಕಲಿತದ್ದೂ ತಮ್ಮ ಕರೆನ್ ಜನರ ಮಾತಿನ ಅಕ್ಷರ.

ಈಗ ಮುಂದಿದ್ದದ್ದು ಪೌರತ್ವದ ಪರೀಕ್ಷೆ. ಇಪ್ಪತ್ತು ಪ್ರಶ್ನೆ, ಒಂದೊಂದಕ್ಕೂ ಮೂರು ಉತ್ತರ, ಸರಿಯಾದದ್ದನ್ನು ಕಂಪ್ಯೂಟರಿನಲ್ಲಿ ಒತ್ತಬೇಕು. ಹದಿನೈದು ಸರಿಯಾದರೆ ಪಾಸು. ಆದರೆ ಈ ದೇಶದಲ್ಲಿ ಜನ ಒಬ್ಬರೊಡನೊಬ್ಬರು ಹೇಗೆ ನಡೆದುಕೊಳ್ಳಬೇಕು ಎನ್ನುವ ಐದು ಪ್ರಶ್ನೆಗಳು ಅದರೊಳಗೆ ಇರುತ್ತವೆ. ಆ ಐದರಲ್ಲಿ ಒಂದು ತಪ್ಪಿದರೂ ಉಳಿದದ್ದೆಲ್ಲ ನೀರಿನಲ್ಲಿ ಮಾಡಿದ ಹೋಮ.

ಪಾಸಾಗಲೇಬೇಕೆಂಬ ಹಟ ಅಕ್ಕನಿಗಾಗಿ. ಯುದ್ಧಕ್ಕೆ ಹೆದರಿ ಗಡಿಯ ನದಿ ದಾಟಿ ಬರುವಾಗ ತಾಯಿ ಜ್ವರದಲ್ಲಿ ತೀರಿಕೊಂಡಾಗ ಲಾಸೇಗೆ ಮೂರು ವರ್ಷ, ಅಕ್ಕ ವಾಪೋಗೆ ಇಪ್ಪತ್ತೊಂದು. ಅಂದು ತಂಗಿಯನ್ನು ಬೆನ್ನಿಗೆ ಕಟ್ಟಿಕೊಂಡವಳು ಮದುವೆಯ ಮಾತನ್ನೇ ಎತ್ತಲಿಲ್ಲ. ಚಿಕ್ಕಪ್ಪನ ಸಂಸಾರದ ಜೊತೆ ಆಸ್ಟ್ರೇಲಿಯಾಕ್ಕೆ ಹೊರಡುವವರ ಪಟ್ಟಿಯಲ್ಲಿ ಲಾಸೇಯ ಹೆಸರು ಬಂತು, ಅಕ್ಕನದು ಬರಲಿಲ್ಲ. ಯಾಕೆ ಬಂದಿಲ್ಲ, ಕೇಳಿ ನೋಡೋಣ ಎಂದರೆ, ಪಟ್ಟಿ ಮಾಡುವವರಿಗೆ ನೂರೆಂಟು ಕೆಲಸ, ಇರಲಿ ಬಿಡು ಎಂದು ವಾಪೋ ತಂಗಿಯ ಬಟ್ಟೆ ಮಡಚತೊಡಗಿದ್ದಳು. ಈಗ ಅವಳಿಗೆ ನಲವತ್ತಾರು. ಎರಡು ವರ್ಷದ ಹಿಂದೆ ಎಡಗಣ್ಣು ಹೋಯಿತು. ಈಗ ಬಲಗಣ್ಣಿಗೂ ಮಂಜು ಕವಿಯುತ್ತಿದೆಯಂತೆ. ಈ ಮಳೆಗಾಲ ಮುಗಿಯೋ ಹೊತ್ತಿಗೆ ಇದೂ ಹೋಗುತ್ತೇನೋ ಎಂದು ಫೋನಿನಲ್ಲಿ ನಕ್ಕು ಹೇಳಿದ್ದಳು, ಮನೆಯ ಬುಡ್ಡಿಯಲ್ಲಿ ಎಣ್ಣೆ ಮುಗಿಯುತ್ತದೆ ಎನ್ನುವ ಹಾಗೆ. ವಾಪೋ ಶಿಬಿರದ ಆಸ್ಪತ್ರೆಯಲ್ಲೇ ಕಸ ಗುಡಿಸುವವಳು. ಡಾಕ್ಟರ ಕಣ್ಣೆದುರಿಗೇ ಇರುವವಳನ್ನು ಅವರು ನೋಡಿಯೇ ಇರುತ್ತಾರೆ, ಕೈಯಲ್ಲಿ ಆಗುವುದಿಲ್ಲ ಎಂದಿರುತ್ತಾರೆ ಎಂದುಕೊಂಡಿದ್ದಳು ಲಾಸೇ. ಅವಳಿಗೆ ಬೇಕಿದ್ದದ್ದು ಇಷ್ಟೇ: ಆ ಕಣ್ಣು ಆರುವ ಮೊದಲು ಅಕ್ಕ ಒಂದು ಸಲ ತನ್ನ ಮುಖ ನೋಡಬೇಕು. ಅದಕ್ಕೆ ಪಾಸ್‌ಪೋರ್ಟ್ ಬೇಕು, ಪಾಸ್‌ಪೋರ್ಟಿಗೆ ಪೌರತ್ವ ಬೇಕು, ಪೌರತ್ವಕ್ಕೆ ಈ ಇಪ್ಪತ್ತು ಪ್ರಶ್ನೆ.

ಪಾಠ ಹೇಳುತ್ತಿದ್ದವಳು ಗ್ಲೆನಿಸ್. ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿ ಬಿಟ್ಟವಳು. ಕೈಗಳು ಈಗಲೂ ಸ್ಟಿಯರಿಂಗ್ ಹಿಡಿದಂತೆ ಮೇಜಿನ ಮೇಲೆ ಅಗಲವಾಗಿ ಕೂತಿರುತ್ತಿದ್ದವು. ಪ್ರತಿ ಗುರುವಾರ ಮಧ್ಯಾಹ್ನ ಊರಿನ ಗ್ರಂಥಾಲಯದ ಮೂಲೆಯಲ್ಲಿ ಪಾಠ. ಲಾಸೇಗೆ ಓದಲು ಬರದು, ಆದರೆ ಒಮ್ಮೆ ಕೇಳಿದ್ದನ್ನು ಮರೆಯುವುದಿಲ್ಲ ಎನ್ನುವುದನ್ನು ಎರಡನೆಯ ವಾರಕ್ಕೇ ಕಂಡುಕೊಂಡವಳು ಅವಳೇ. ಪರೀಕ್ಷೆಯಲ್ಲಿ ಹೆಡ್‌ಫೋನ್ ಹಾಕಿಕೊಂಡರೆ ಕಂಪ್ಯೂಟರೇ ಪ್ರಶ್ನೆಯನ್ನೂ ಉತ್ತರಗಳನ್ನೂ ಓದಿ ಹೇಳುತ್ತದೆ, ಚಿಂತೆ ಬೇಡ ಎಂದು ಹೇಳಿ, ಪುಸ್ತಕವನ್ನಿಡೀ ತನ್ನ ದನಿಯಲ್ಲಿ ಲಾಸೇಯ ಫೋನಿಗೆ ತುಂಬಿಸಿಕೊಟ್ಟಳು. ಲಾಸೇ ಮನೆಯಲ್ಲಿ ಸೊಂಟಕ್ಕೆ ಪಟ್ಟಿ ಬಿಗಿದು ಮಗ್ಗಕ್ಕೆ ಕೂತಾಗಲೆಲ್ಲ ಅದನ್ನು ಹಾಕುವಳು. ಒಂದು ಎಳೆ ಕೆಂಪು, ಮತದಾನ ಕಡ್ಡಾಯ. ಎರಡು ಎಳೆ ಬಿಳಿ, ಸಂಸತ್ತಿಗೆ ಎರಡು ಮನೆ.

ಮನೆ ಎಂದರೆ ದೋರ್ಕಾಳ ಮನೆ. ಚಿಕ್ಕಪ್ಪನ ಸಂಸಾರ ಶಹರಕ್ಕೆ ಹೋದ ಮೇಲೆ ಲಾಸೇ ಅಲ್ಲೇ ಒಂದು ಕೋಣೆಯಲ್ಲಿದ್ದಳು. ದೋರ್ಕಾ ಐವತ್ತು ದಾಟಿದ ಕರೆನ್ ವಿಧವೆ, ಕಾರ್ಖಾನೆಯಲ್ಲಿ ಅವಳ ಪಕ್ಕದಲ್ಲೇ ನಿಂತು ಗರಿ ಕೀಳುವವಳು. ಇಲ್ಲಿ ಎಲೆಅಡಿಕೆ ಸಿಗದ ಸಿಟ್ಟಿಗೆ ಸದಾ ಏಲಕ್ಕಿ ಜಗಿಯುತ್ತಿದ್ದಳು. ಮೂರನೆಯ ಸಲಕ್ಕೆ ಪರೀಕ್ಷೆ ಗೆದ್ದಿದ್ದರಿಂದ ತನ್ನನ್ನು ಈ ವಿಷಯದಲ್ಲಿ ಎಲ್ಲರಿಗಿಂತ ಬಲ್ಲವಳೆಂದು ತಿಳಿದಿದ್ದಳು.

"ಸಂಸತ್ತಿಗೆ ಎಷ್ಟು ಮನೆ?" ಎಂದು ಒಲೆಯ ಮುಂದಿನಿಂದ ಕೇಳುವಳು.

"ಎರಡು, ಚಿಕ್ಕಮ್ಮ."

"ನೋಡು, ನಂಗೊಂದೇ ಮನೆ. ಅದಕ್ಕೇ ಇಲ್ಲಿ ಇಷ್ಟು ಶಾಂತಿ."

ಮೇ ತಿಂಗಳ ಒಂದು ಬೆಳಿಗ್ಗೆ ಗ್ಲೆನಿಸ್ ತನ್ನ ಕಾರಿನಲ್ಲೇ ಲಾಸೇಯನ್ನು ಮೂರು ಗಂಟೆ ದೂರದ ಪಟ್ಟಣಕ್ಕೆ ಕರೆದುಕೊಂಡು ಹೋದಳು. ಬಿತ್ತನೆ ಮುಗಿದ ಹೊಲಗಳ ನಡುವೆ ದಾರಿಯುದ್ದಕ್ಕೂ ಪ್ರಶ್ನೆ ಕೇಳಿದಳು, ಲಾಸೇ ಒಂದೂ ತಪ್ಪಿಲ್ಲದೆ ಉತ್ತರಿಸಿದಳು. ಗ್ಲೆನಿಸ್ ಫ್ಲಾಸ್ಕು ಹಿಡಿದುಕೊಂಡು ಪರೀಕ್ಷೆಯ ಕಚೇರಿಯ ಹೊರಗಿನ ಬೆಂಚಿನ ಮೇಲೆ ಕೂತಳು. ಲಾಸೇ ಒಳಗೆ ಹೋದಳು.

ಕೋಣೆಯಲ್ಲಿ ಎಂಟು ಕಂಪ್ಯೂಟರುಗಳಿದ್ದವು. ನೋಡಿಕೊಳ್ಳುತ್ತಿದ್ದ ಅಧಿಕಾರಿ ತುಂಬು ಬಸುರಿ. ಎಲ್ಲರ ಕಾಗದಪತ್ರ ನೋಡಿ, ಒಬ್ಬೊಬ್ಬರನ್ನೇ ಕೂರಿಸಿ, ಕೊನೆಗೆ ತಾನು ಹೋಗಿ ಕುರ್ಚಿಯಲ್ಲಿ ಕುಸಿದಳು. ಮೇಜಿನ ಕೆಳಗೆ ಚಪ್ಪಲಿ ಕಳಚಿದ್ದನ್ನು ಲಾಸೇ ಕಂಡಳು. ಪಾದಗಳು ಹಿಟ್ಟು ನಾದಿಟ್ಟಂತೆ ಉಬ್ಬಿದ್ದವು.

ಲಾಸೇ ಹೆಡ್‌ಫೋನ್ ಹಾಕಿಕೊಂಡು, ಗ್ಲೆನಿಸ್ ತೋರಿಸಿಕೊಟ್ಟಿದ್ದ ಕಿವಿಯ ಚಿತ್ರವನ್ನು ಒತ್ತಿದಳು. ಏನೂ ಕೇಳಿಸಲಿಲ್ಲ. ಮತ್ತೆ ಒತ್ತಿದಳು. ತಂತಿಯನ್ನು ಅಲುಗಾಡಿಸಿದಳು. ತನ್ನದೇ ಎದೆಬಡಿತ ಕೇಳಿಸಿತು, ಅಷ್ಟೇ.

ಕೈ ಎತ್ತಿದರಾಯಿತು. ಅಧಿಕಾರಿ ಮೊದಲೇ ಹೇಳಿದ್ದಳು, ಏನಾದರೂ ಬೇಕಿದ್ದರೆ ಕೈ ಎತ್ತಿ ಎಂದು. ಲಾಸೇ ಅವಳತ್ತ ನೋಡಿದಳು. ಈಗ ತಾನೇ ಕೂತಿದ್ದಾಳೆ. ಒಂದು ಕೈ ಸೊಂಟದ ಹಿಂದಿದೆ, ಕಣ್ಣು ಅರೆ ಮುಚ್ಚಿದೆ. ತಾನಾಗಿ ಏಳುತ್ತಾಳಲ್ಲ, ಆಗ ಹೇಳಿದರಾಯಿತು ಎಂದುಕೊಂಡಳು. ಅಷ್ಟರಲ್ಲಿ ಮುಂದಿನ ಸಾಲಿನ ದಪ್ಪ ಗಂಡಸೊಬ್ಬ ಕೈ ಎತ್ತಿದ. ಅಧಿಕಾರಿ ಎದ್ದು, ನಡೆದು ಬಂದು, ಅವನಿಗೇನೋ ಹೇಳಿ, ಮೇಜನ್ನು ಹಿಡಿದುಕೊಂಡು ವಾಪಸು ಹೋಗಿ ಕೂತಳು. ಒಂದು ಸಲ ಎಬ್ಬಿಸಿದ್ದಾಯಿತು, ಈಗಲೇ ಇನ್ನೊಂದು ಸಲ ಎಬ್ಬಿಸುವುದೇ? ಇನ್ನೊಂದಿಷ್ಟು ಹೊತ್ತು ಕಳೆಯಲಿ.

ಕೊಟ್ಟಿದ್ದು ನಲವತ್ತೈದು ನಿಮಿಷ. ಅದರಲ್ಲಿ ಮೂವತ್ತಾರು ಹೀಗೇ ಹೋದವು. ಉಳಿದ ಒಂಬತ್ತು ನಿಮಿಷಗಳಲ್ಲಿ ಲಾಸೇ ಕಣ್ಣಿಗೆ ಗುರುತು ಸಿಕ್ಕ ಒಂದೊಂದು ಪದವನ್ನು ಹಿಡಿದುಕೊಂಡು, ಸಿಗದ ಕಡೆ ದೇವರ ಹೆಸರು ಹೇಳಿ ಒತ್ತಿದಳು. ಹನ್ನೊಂದು ಸರಿ ಬಂದಿದ್ದವು. ಚೀಟಿ ಕೊಡುವಾಗ ಅಧಿಕಾರಿ, ಬೇಜಾರು ಮಾಡ್ಕೋಬೇಡಿ, ಇನ್ನೊಂದು ದಿನ ಬಂದು ಬರೀಬಹುದು ಎಂದು ನಕ್ಕಳು. ಲಾಸೇ ತಲೆಬಾಗಿ, ಎರಡು ಸಲ ಥ್ಯಾಂಕ್ಸ್ ಹೇಳಿದಳು.

ಹೊರಗೆ ಗ್ಲೆನಿಸ್ ಬೆಂಚಿನಿಂದ ಎದ್ದು ನಿಂತಿದ್ದಳು. ಹೆಡ್‌ಫೋನ್ ಕೆಟ್ಟಿತ್ತು ಎಂದರೆ, ಯಾಕೆ ಹೇಳಲಿಲ್ಲ ಎನ್ನುತ್ತಾಳೆ. ಒಳಗೆ ಹೋಗಿ ಆ ಬಸುರಿಯನ್ನು ತರಾಟೆಗೆ ತೆಗೆದುಕೊಳ್ಳುತ್ತಾಳೆ. ಅದಕ್ಕೇ ಲಾಸೇ, "ಎಲ್ಲಾ ಮರೆತುಹೋಯ್ತು" ಎಂದಳು.

ಅರ್ಧ ದಾರಿಯಲ್ಲಿ ಗ್ಲೆನಿಸ್, ತಪ್ಪು ನಂದೇ, ಕಿಳಿಗೆ ಕಲಿಸಿದ ಹಾಗೆ ಕಲಿಸಿದೆ, ಮೊದಲು ಓದೋದು ಕಲಿಸಬೇಕಿತ್ತು ಎಂದಳು. ಲಾಸೇ ಕಿಟಕಿಯಾಚೆ ನೋಡುತ್ತ ಕೂತಳು.

ಮುಂದಿನ ಗುರುವಾರ ಗ್ಲೆನಿಸ್ ಮಕ್ಕಳ ಅಕ್ಷರಮಾಲೆಯ ಪುಸ್ತಕ ತಂದಳು. ಪುಟಪುಟದಲ್ಲೂ ಸೇಬು, ಬೆಕ್ಕು, ದೋಣಿ. ರಾತ್ರಿಯೆಲ್ಲ ಕೂತು ಪದಗಳನ್ನು ರಟ್ಟಿನ ಚೂರುಗಳ ಮೇಲೆ ದಪ್ಪಗೆ ಬರೆದಿದ್ದಳು. ನಾಲ್ಕು ದಿನಕ್ಕೆ ಅವಳ ಮುಖ ಇಳಿದುಹೋಗಿತ್ತು. ತನ್ನ ತಂಗಿಯ ಊರಿಗೆ ಹೋಗಬೇಕಿದ್ದ ಪ್ರಯಾಣವನ್ನು ಪರೀಕ್ಷೆ ಮುಗಿಯುವವರೆಗೆ ಮುಂದಕ್ಕೆ ಹಾಕಿದ್ದಾಳೆಂದು ಗ್ರಂಥಾಲಯದವಳು ಹೇಳಿದಳು. ಲಾಸೇ ಸೇಬು, ಬೆಕ್ಕು ಎಂದು ಓದುತ್ತ ಹೋದಳು. ತಾನು ಒಬ್ಬಳಿಗೆ ತೊಂದರೆ ಕೊಡಬಾರದೆಂದು ಇನ್ನೊಬ್ಬಳ ತಲೆಯ ಮೇಲೆ ಬಂಡೆ ಇಟ್ಟಿದ್ದೇನೆ ಎಂದು ಅವಳಿಗೆ ಗೊತ್ತಾಗುತ್ತಿತ್ತು. ಆದರೆ ಈಗ ನಿಜ ಹೇಳಿದರೆ ಗ್ಲೆನಿಸ್‌ಗೆ ಇನ್ನೂ ನೋವಾಗುತ್ತದಲ್ಲ ಎಂದು ಮತ್ತೆ ಬಾಯಿ ಮುಚ್ಚುತ್ತಿದ್ದಳು.

ಅವಳ ಕಡೆಯವರೆಲ್ಲ ಹಾಗೇ ಬೆಳೆದವರು. ಶಿಬಿರದಲ್ಲಿ ರೇಷನ್ ಸಾಲಿನಲ್ಲಿ ನಿಂತಾಗ ಒಮ್ಮೆ ಎಣ್ಣೆ ಅಳೆಯುವವನು ಅರ್ಧ ಲೋಟ ಕಡಿಮೆ ಹಾಕಿದ್ದ. ಏಳು ವರ್ಷದ ಲಾಸೇ ಬೆರಳು ತೋರಿಸಿ ಏನೋ ಹೇಳಹೊರಟಾಗ ವಾಪೋ ಅವಳ ತೋಳು ಎಳೆದಿದ್ದಳು. ಹಿಂದೆ ಅಷ್ಟು ಜನ ಬಿಸಿಲಲ್ಲಿ ನಿಂತಿದ್ದಾರೆ, ಅವನೂ ಬೆಳಗಿಂದ ನಿಂತೇ ಇದ್ದಾನೆ ಎಂದು ಕಿವಿಯಲ್ಲಿ ಹೇಳಿದ್ದಳು. ಆ ತಿಂಗಳು ಪಲ್ಯಕ್ಕೆ ಎಣ್ಣೆ ಇರಲಿಲ್ಲ. ಅಕ್ಕ ತಂಗಿ ಇಬ್ಬರೂ ಮೀನಿನ ಪೇಸ್ಟಿನಲ್ಲೇ ಅನ್ನ ಕಲಸಿಕೊಂಡು ತಿಂದರು, ಯಾರನ್ನೂ ದೂರಲಿಲ್ಲ.

ಗುಟ್ಟು ಹೊರಗೆ ಹಾಕಿಸಿದವಳು ದೋರ್ಕಾ. ಒಂದು ಭಾನುವಾರ ಚರ್ಚಿನಿಂದ ಬಂದ ಮೇಲೆ ಇಬ್ಬರೂ ಹಿತ್ತಿಲಲ್ಲಿ ಪುಂಡಿ ಸೊಪ್ಪು ಬಿಡಿಸುತ್ತ ಕೂತಿದ್ದರು. ದೋರ್ಕಾ ಸುಮ್ಮನೆ ಮಾತಿಗೆ ಎನ್ನುವಂತೆ ಒಂದು ಪ್ರಶ್ನೆ ಕೇಳಿದಳು. ಲಾಸೇ ಉತ್ತರ ಹೇಳಿದಳು. ಇನ್ನೊಂದು ಕೇಳಿದಳು, ಅದಕ್ಕೂ ಹೇಳಿದಳು. ಸೊಪ್ಪಿನ ರಾಶಿ ಮುಗಿಯುವ ಹೊತ್ತಿಗೆ ಇಪ್ಪತ್ತು ಮುಗಿದಿದ್ದವು, ಇಪ್ಪತ್ತೂ ಸರಿ.

"ಮರೆತೋಳು ಹೀಗೆ ಹೇಳ್ತಾಳೇನೇ?" ಎಂದಳು ದೋರ್ಕಾ. "ಏನಾಯ್ತು ಅಲ್ಲಿ? ನನ್ ಮುಖ ನೋಡಿ ಹೇಳು."

ಲಾಸೇ ಸೊಪ್ಪಿನ ಮುಖ ನೋಡಿಕೊಂಡು ಹೇಳಿದಳು. ಹೆಡ್‌ಫೋನು, ಉಬ್ಬಿದ ಪಾದ, ದಪ್ಪ ಗಂಡಸು, ಒಂಬತ್ತು ನಿಮಿಷ.

ದೋರ್ಕಾ ಬಾಯಲ್ಲಿದ್ದ ಏಲಕ್ಕಿ ಉಗಿದಳು. "ದಾಕ್ಷಿಣ್ಯಕ್ಕೆ ಬಸುರಾದ್ರೆ ಹೆರೋಕೆ ಜಾಗ ಇರಲ್ಲ ಅಂತಾರೆ. ನೀನು ಇನ್ನೊಬ್ಳ ಬಸುರಿಗೆ ದಾಕ್ಷಿಣ್ಯ ಮಾಡಿ ಕೂತೆ." ಮತ್ತೆ ಎಂದಳು, "ಮಾತಾಡೋ ಸ್ವಾತಂತ್ರ್ಯ ಇದೆಯಾ ಅಂತ ಕೇಳಿದ್ರೆ ಇದೆ ಅಂತ ಒತ್ತೋಕೆ ಅಷ್ಟು ದೂರ ಹೋದೋಳು, ಬಾಯೇ ಬಿಡದೆ ಬಂದ್ಲು. ಈ ಪ್ರಶ್ನೇಲಿ ಫೇಲಾಗಿದೀಯ ನೀನು, ಬೇರೇದ್ರಲ್ಲಿ ಅಲ್ಲ."

ಲಾಸೇಗೆ ಅಳು ಬಂತು. ದೋರ್ಕಾ ಸಮಾಧಾನ ಮಾಡಲಿಲ್ಲ. ಎರಡನೆಯ ಸಲ ಫೇಲಾದಾಗ ತಾನೂ ಹೀಗೇ ಏನೋ ಮಾಡಿಕೊಂಡಿದ್ದೆ ಎಂದಷ್ಟೇ ಹೇಳಿ, ಏನೆಂದು ಮಾತ್ರ ಹೇಳದೆ, ಸೊಪ್ಪು ತೊಳೆಯಲು ಎದ್ದಳು.

ಗುರುವಾರ ಅವಳೇ ಗ್ರಂಥಾಲಯದವರೆಗೆ ಬಂದಳು, ಹಸುವನ್ನು ಹೊಡೆದುಕೊಂಡು ಬರುವಂತೆ ಲಾಸೇಯ ಹಿಂದೆ ಹಿಂದೆ. ಲಾಸೇ ರಟ್ಟಿನ ಚೂರುಗಳ ಮುಂದೆ ಕೂತು, ತಲೆ ಎತ್ತದೆ, ತನಗೆ ಬರುವ ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದಳು. ಹೇಳಿ ಮುಗಿದ ಮೇಲೆ ಗ್ಲೆನಿಸ್ ಬೈಯುತ್ತಾಳೆ ಎಂದು ಕಾದಳು. ಗ್ಲೆನಿಸ್ ಕನ್ನಡಕ ತೆಗೆದು ಒರೆಸಿಕೊಂಡಳು.

"ಮೂವತ್ತು ವರ್ಷ ಸ್ಕೂಲ್ ಬಸ್ಸು ಓಡಿಸಿದೀನಮ್ಮ," ಎಂದಳು. "ಉಚ್ಚೆ ಬಂದಿದೆ, ನಿಲ್ಲಿಸಿ ಅಂತ ಕೇಳೋ ಮಕ್ಕಳೂ ಇರ್ತಿದ್ರು, ಕೇಳದೇ ಇರೋ ಮಕ್ಕಳೂ ಇರ್ತಿದ್ರು. ಕೇಳದೇ ಇರೋರು ಒಳ್ಳೆ ಮಕ್ಕಳು. ಆದ್ರೆ ಸಾಯಂಕಾಲ ಸೀಟು ಉಜ್ತಾ ಇದ್ದೋಳು ನಾನು."

ದೋರ್ಕಾಗೆ ಇಂಗ್ಲಿಷು ಅಷ್ಟಕ್ಕಷ್ಟೇ, ಆದರೂ ಇದು ಪೂರ್ತಿ ಅರ್ಥವಾಯಿತು. ಗ್ರಂಥಾಲಯದವಳು ತಿರುಗಿ ನೋಡುವಷ್ಟು ಜೋರಾಗಿ ನಕ್ಕಳು. ಲಾಸೇಯೂ ನಕ್ಕಳು. ಆ ಧೈರ್ಯದಲ್ಲೇ, ಐದು ತಿಂಗಳಿಂದ ಗಂಟಲಲ್ಲಿದ್ದ ಇನ್ನೊಂದು ಮಾತೂ ಹೊರಗೆ ಬಂತು: ನೀವು ಫೋನಿಗೆ ಓದಿ ಹಾಕಿದ್ದೀರಲ್ಲ, ಅದರಲ್ಲಿ ರಾಜ್ಯಪಾಲರ ಪ್ರಶ್ನೆಗೆ ಉತ್ತರ ಹೇಳುವಾಗ ನಿಮ್ಮ ನಾಯಿ ಬೊಗಳಿದೆ, ಉತ್ತರ ಏನೆಂದು ಇವತ್ತಿಗೂ ನನಗೆ ಗೊತ್ತಿಲ್ಲ.

ಗ್ಲೆನಿಸ್ ಹಣೆಯನ್ನು ಮೇಜಿಗೆ ಒರಗಿಸಿ ಅಲುಗಾಡುತ್ತ ನಕ್ಕಳು. ನಕ್ಕು ಮುಗಿದ ಮೇಲೆ ಗಂಭೀರಳಾಗಿ, ಇದು ಪುಸ್ತಕದಿಂದ ಸರಿಹೋಗುವ ಕೆಲಸ ಅಲ್ಲ ಎಂದಳು. ಔಷಧಿ ಹುಡುಕಿಕೊಟ್ಟವಳು ದೋರ್ಕಾ: "ದಿನಾ ಯಾರಿಗಾದ್ರೂ ಒಂದು ತೊಂದರೆ ಕೊಡ್ಲಿ. ದಿನಕ್ಕೊಂದು. ಕೊಟ್ಟು ಬಂದು ನಂಗೆ ಹೇಳ್ಬೇಕು. ಕೊಡದಿದ್ದ ದಿನ ಅನ್ನ ಹಾಕಲ್ಲ."

ಅಂದಿನಿಂದ ಅದೂ ಒಂದು ಪಾಠವಾಯಿತು.

ಮೊದಲ ದಿನ ಅಂಗಡಿಯಲ್ಲಿ ಮೇಲಿನ ಹಲಗೆಯ ಮೇಲಿದ್ದ ಮೀನಿನ ಸಾಸಿನ ಬಾಟಲಿ ಇಳಿಸಿಕೊಡಿ ಎಂದು ಕೇಳಬೇಕಿತ್ತು. ಅಂಗಡಿಯವಳು ಡಬ್ಬಿ ಜೋಡಿಸುತ್ತಿದ್ದಳು. ಲಾಸೇ ಹತ್ತು ನಿಮಿಷ ಸೋಪುಗಳ ಮುಂದೆ ನಿಂತು, ಅವಳು ಡಬ್ಬಿಗಳನ್ನೆಲ್ಲ ಜೋಡಿಸಿ ಮುಗಿಸಿದ ಮೇಲೆ ಕೇಳಿದಳು. ಇದು ಲೆಕ್ಕಕ್ಕಿಲ್ಲ, ಅವಳಿಗೆ ಬಿಡುವಿತ್ತು ಎಂದು ದೋರ್ಕಾ ತೀರ್ಪು ಕೊಟ್ಟಳು. ಮರುದಿನ ಅಂಚೆ ಕಚೇರಿಯಲ್ಲಿ, ಅರ್ಥವಾಗಲಿಲ್ಲ, ಇನ್ನೊಂದು ಸಲ ಹೇಳಿ ಎಂದಳು. ಅಲ್ಲಿನ ಹೆಂಗಸು ಕಣ್ಣು ಮೇಲೆ ಹೊರಳಿಸಿ ಉಸಿರು ಬಿಟ್ಟಳು. ಅಂದು ದೋರ್ಕಾ ಅನ್ನ ಹಾಕಿದರೂ ಲಾಸೇಗೆ ಸೇರಲಿಲ್ಲ.

ಆದರೆ ಗುಟ್ಟಾಗಿ ನೋಡುವುದು ಅವಳ ಹುಟ್ಟುಗುಣ. ತೊಂದರೆ ಕೊಟ್ಟ ಮೇಲೆ ಆ ಮನುಷ್ಯರು ಏನಾಗುತ್ತಾರೆ ಎಂದು ಮರೆಯಲ್ಲಿ ನಿಂತು ನೋಡತೊಡಗಿದಳು. ಏನೂ ಆಗುತ್ತಿರಲಿಲ್ಲ. ಔಷಧಿ ಅಂಗಡಿಯವನು ಅವಳಿಗೆ ಚೀಟಿ ಓದಿ ಹೇಳಿ, ಆಮೇಲೆ ಶಿಳ್ಳೆ ಹಾಕುತ್ತ ತನ್ನ ಕೆಲಸಕ್ಕೆ ಹೋದ. ಅಂಚೆ ಕಚೇರಿಯ ಹೆಂಗಸು ಅವಳ ನಂತರ ಬಂದ ಬಿಳಿಯ ಮುದುಕನಿಗೂ ಹಾಗೇ ಕಣ್ಣು ಹೊರಳಿಸಿದಳು. ಅದು ಅವಳ ಕಣ್ಣಿನ ಅಭ್ಯಾಸ, ಲಾಸೇಯಿಂದ ಬಂದದ್ದಲ್ಲ.

ಮೂರನೆಯ ವಾರ ಬೂಟಿನದು. ಕಾರ್ಖಾನೆಯಲ್ಲಿ ಸಾಮಾನು ಕೊಡುವವನು ಎರಡು ವರ್ಷದ ಹಿಂದೆ ಒಂದು ಅಳತೆ ದೊಡ್ಡ ರಬ್ಬರ್ ಬೂಟು ಕೊಟ್ಟಿದ್ದ. ಲಾಸೇ ಮೂರು ಜೊತೆ ಕಾಲುಚೀಲ ತುರುಕಿಕೊಂಡು, ನೀರು ಹರಿಯುವ ಆ ನೆಲದ ಮೇಲೆ ಎರಡು ವರ್ಷ ಬಾತುಕೋಳಿಯಂತೆಯೇ ನಡೆದಿದ್ದಳು. ಬದಲಾಯಿಸಿ ಕೊಡಿ ಎಂದು ಕೇಳಿದಾಗ ಅವನು ಬೂಟನ್ನು ತಿರುಗಿಸಿ ಅಳತೆ ನೋಡಿ, ಅವಳ ಕಾಲು ನೋಡಿ, "ಎರಡು ವರ್ಷದಿಂದ ಇದ್ರಲ್ಲೇ ಇದ್ಯಾ? ಬಿದ್ದು ಸೊಂಟ ಮುರ್ಕೊಂಡಿದ್ರೆ ನನ್ನ ಕೆಲಸ ಹೋಗ್ತಿತ್ತಲ್ಲೇ ತಾಯಿ" ಎಂದ. ನಿಮಗೆ ತೊಂದರೆ ಯಾಕೆಂದು ಸುಮ್ಮನಿದ್ದೆ ಎಂದು ಹೇಳಲು ಹೋಗಿ ಲಾಸೇ ಅರ್ಧಕ್ಕೆ ನಿಲ್ಲಿಸಿದಳು. ಅವನ ಮಾತನ್ನು ಅವಳು ಸಾಲಿನಲ್ಲಿ ನಿಂತು ಗರಿ ಕೀಳುತ್ತ ಬಹಳ ಹೊತ್ತು ಯೋಚಿಸಿದಳು.

ಪಾದ್ರಿಯವರ ಪ್ರಾರ್ಥನೆ ಉದ್ದವಾಯಿತೆಂದು ಹೇಳಿ ಬಾ ಎಂದು ದೋರ್ಕಾ ಒಂದು ಭಾನುವಾರ ಕೆಣಕಿದಳು. ಅದೊಂದು ಮಾತ್ರ ಆಗಲಿಲ್ಲ.

ಆಗಸ್ಟಿನಲ್ಲಿ ಎರಡನೆಯ ಪರೀಕ್ಷೆ. ಮತ್ತೆ ಗ್ಲೆನಿಸ್‌ಳ ಕಾರು, ಈ ಸಲ ಹಿಂದಿನ ಸೀಟಿನಲ್ಲಿ ದೋರ್ಕಾ ಕೂಡ. ಲಾಸೇ ದಾರಿಯುದ್ದಕ್ಕೂ ಉತ್ತರಗಳನ್ನು ಹೇಳಿಕೊಳ್ಳಲಿಲ್ಲ. ಒಂದೇ ಮಾತನ್ನು ಹೇಳಿಕೊಂಡಳು, ಇದು ಕೇಳಿಸುತ್ತಿಲ್ಲ, ನನಗೆ ಓದಲು ಬರುವುದಿಲ್ಲ, ದಯವಿಟ್ಟು ಬನ್ನಿ. ತುದಿಗಾಲಿನ ಮೇಲೆ ನಿಂತ ಓಟಗಾರ್ತಿಯಂತೆ ಕೋಣೆಯೊಳಗೆ ಹೋದಳು. ಅಲ್ಲಿ ಬಸುರಿ ಇರಲಿಲ್ಲ, ಬಿಸ್ಕತ್ತು ತಿನ್ನುತ್ತಿದ್ದ ಒಬ್ಬ ನಡುವಯಸ್ಸಿನವನಿದ್ದ. ಅವಳು ಹೆಡ್‌ಫೋನ್ ಹಾಕಿಕೊಂಡು, ಕೈಯನ್ನು ಅರ್ಧ ಮೇಲೆತ್ತಿಯೇ ಕಿವಿಯ ಚಿತ್ರ ಒತ್ತಿದಳು.

ಮೊದಲ ಪ್ರಶ್ನೆ ಕಿವಿ ಗುಂಯ್ಗುಡುವಷ್ಟು ಜೋರಾಗಿ ಕೇಳಿಸಿತು.

ಅವಳಿಗೆ ಒಂದು ಕ್ಷಣ ನಿರಾಸೆಯೇ ಆಯಿತು. ಕೈ ಇಳಿಸಿ ಉತ್ತರ ಒತ್ತತೊಡಗಿದಳು. ಹತ್ತೊಂಬತ್ತು ಸರಿ.

ಗ್ಲೆನಿಸ್ ಕಾರಿನ ಹಾರ್ನನ್ನು ಪಟ್ಟಣದ ಕೊನೆಯವರೆಗೆ ಒತ್ತುತ್ತ ಹೋದಳು. ದೋರ್ಕಾ ಹಿಂದಿನಿಂದ ಲಾಸೇಯ ತಲೆಗೆ ಮೊಟಕಿ, ತಪ್ಪಿದ ಆ ಒಂದು ಯಾವುದೆಂದು ವಿಚಾರಿಸಿದಳು. ಇದೆಲ್ಲದರ ನಡುವೆ ಲಾಸೇ ಕೈಯಲ್ಲಿದ್ದ ಕಾಗದವನ್ನು ಗ್ಲೆನಿಸ್ ಮುಂದೆ ಹಿಡಿದು, ಇನ್ನೇನು ಬಾಕಿ ಎಂದು ಕೇಳಿದಳು. ಗ್ಲೆನಿಸ್ ಕಾರು ನಿಲ್ಲಿಸಿ ಓದಿದಳು. ಒಪ್ಪಿಗೆಯ ಪತ್ರ ಬರಬೇಕು, ಆಮೇಲೆ ಪ್ರಮಾಣವಚನದ ಸಮಾರಂಭ. ಕುರಾಂಗಿಯಲ್ಲಿ ಅದು ವರ್ಷಕ್ಕೊಮ್ಮೆ, ಜನವರಿಯಲ್ಲಿ. ಪ್ರಮಾಣವಚನ ಆಗದೆ ಪಾಸ್‌ಪೋರ್ಟ್ ಇಲ್ಲ.

ಜನವರಿ. ಅಕ್ಕ ಹೇಳಿದ ಮಳೆಗಾಲ ಮುಗಿಯುವುದು ಅಕ್ಟೋಬರಿನಲ್ಲಿ. ಬೇಗ ಮಾಡಿಕೊಡಿ ಎಂದು ಬೇಡಿಕೊಂಡು ಒಂದು ಅರ್ಜಿ ಹಾಕೋಣ, ನಾನು ಬರೆದುಕೊಡುತ್ತೇನೆ ಎಂದಳು ಗ್ಲೆನಿಸ್. ಆದರೆ ಆಗುತ್ತದೆ ಎಂದು ಹೇಳಲಿಲ್ಲ.

ಮರುದಿನ ಮೊದಲ ಪಾಳಿ ಮುಗಿಸಿ ಬಂದು, ಮಧ್ಯಾಹ್ನ ಎರಡೂವರೆಗೆ ಲಾಸೇ ಫೋನ್ ಮಾಡಿದಳು. ಅಲ್ಲಿ ಇನ್ನೂ ಬೆಳಗಿನ ಹನ್ನೊಂದೂವರೆ. ವಾಪೋ ಆಸ್ಪತ್ರೆಯಲ್ಲೇ ಇದ್ದಳು. ಹಿಂದೆ ಮಗುವೊಂದು ಅಳುವುದೂ ಬಕೆಟ್ಟಿನ ಸದ್ದೂ ಕೇಳುತ್ತಿತ್ತು. ಪಾಸಾದ ಸುದ್ದಿ ಕೇಳಿ ವಾಪೋ ದೇವರಿಗೆ ಸ್ತೋತ್ರ ಹೇಳಿದಳು. ಆಮೇಲೆ ಜನವರಿಯ ಸುದ್ದಿಯನ್ನೂ ಕೇಳಿದಳು.

"ಆಗ್ಲಿ ಬಿಡು," ಎಂದಳು. "ಕಣ್ಣಿಲ್ದಿದ್ರೆ ಕೈಯಿದ್ಯಲ್ಲ. ನಿನ್ನ ಮುಖ ಸವರಿ ನೋಡ್ತೀನಿ. ದಪ್ಪ ಆಗಿದೀಯೋ ಇಲ್ವೋ ಅಂತ ಕೈಗೆ ಇನ್ನೂ ಚೆನ್ನಾಗಿ ಗೊತ್ತಾಗುತ್ತೆ."

ಏನಾದರೂ ಕೇಳಬೇಕೆಂದು ಲಾಸೇ, ಅಲ್ಲಿನ ಡಾಕ್ಟರು ಕೊನೆಯ ಸಲ ಕಣ್ಣು ನೋಡಿ ಏನೆಂದರು ಎಂದು ಕೇಳಿದಳು.

ವಾಪೋ ಮಾತು ಬದಲಿಸಿದಳು. ಈ ವರ್ಷ ಮಳೆ ಹೆಚ್ಚು, ಪಕ್ಕದ ಗುಡಿಸಲಿನ ಸೂರು ಹಾರಿತು ಎಂದಳು. ಲಾಸೇ ಮತ್ತೆ ಕೇಳಿದಳು. ಆಗ ವಾಪೋ, ಡಾಕ್ಟರಿಗೆ ತಾನು ಹೇಳಿಲ್ಲ ಎಂದಳು. ಎಡಗಣ್ಣಿನದನ್ನೂ ಹೇಳಿಲ್ಲ, ಬಲಗಣ್ಣಿನದನ್ನೂ ಹೇಳಿಲ್ಲ. ದಿನವೂ ಅವರ ಮೇಜಿನ ಕೆಳಗೆ ಗುಡಿಸುತ್ತೇನೆ, ಆದರೆ ಯಾವಾಗ ನೋಡಿದರೂ ಅವರ ಮುಂದೆ ಮಕ್ಕಳನ್ನೆತ್ತಿಕೊಂಡ ಇಪ್ಪತ್ತು ಜನ ನಿಂತಿರುತ್ತಾರೆ. ಅಷ್ಟು ಜನರ ನಡುವೆ ನಾನೂ ಹೋಗಿ ನಿಲ್ಲುವುದೇ?

ಲಾಸೇ ಎದ್ದು ನಿಂತಳು. ಅಡಿಗೆಮನೆಯಲ್ಲಿದ್ದ ದೋರ್ಕಾ ಅವಳ ಮುಖ ನೋಡಿ ಒಲೆ ಆರಿಸಿದಳು.

"ಅಕ್ಕಾ, ಡಾಕ್ಟ್ರು ಈಗ ಎಲ್ಲಿದಾರೆ?"

"ಇಲ್ಲೇ ಇದಾರೆ. ಯಾಕೆ?"

"ಫೋನ್ ಅವರ ಕೈಗೆ ಕೊಡು."

"ಹುಚ್ಚೇನೇ ನಿಂಗೆ? ಸಾಲು ಬಾಗಿಲಾಚೆಗಿದೆ. ಒಂದು ಮಗು ಬೇರೆ ಅಳ್ತಾ ಇದೆ."

"ಆ ಮಗು ಆದ್ಮೇಲೆ ಕೊಡು. ನಾನು ಕಾಯ್ತೀನಿ."

"ಬೇಡ ಕಣೇ ಲಾಸೇ. ಅವರಿಗೆ ಬೆಳಗಿಂದ ಊಟ ಇಲ್ಲ."

"ಅಕ್ಕ, ನೀನು ಕೊಡದೇ ಇದ್ರೆ ನಾನು ಆಸ್ಪತ್ರೆ ಫೋನಿಗೇ ಮಾಡ್ತೀನಿ. ಆಗ ಅವರು ಎದ್ದು ಬಂದು ಫೋನ್ ಎತ್ಬೇಕಾಗುತ್ತೆ. ಯಾವುದು ಕಡಿಮೆ ತೊಂದರೆ, ನೀನೇ ಹೇಳು."

ಅತ್ತ ಮಳೆಯ ಸದ್ದಿನ ನಡುವೆ ಪೊರಕೆ ಗೋಡೆಗೆ ಒರಗಿಸಿದ ಸದ್ದು, ರಬ್ಬರ್ ಚಪ್ಪಲಿಯ ಹೆಜ್ಜೆಗಳು. ವಾಪೋ ಯಾರಿಗೋ ತೀರಾ ಸಣ್ಣ ದನಿಯಲ್ಲಿ ಕ್ಷಮೆ ಕೇಳುತ್ತಿದ್ದಳು, ಒಂದಲ್ಲ, ಮೂರು ಸಲ. ಕೊನೆಗೆ ಗಂಡಸಿನ ದನಿ ಬಂತು, ದಣಿದ ದನಿ, ಕರೆನ್ ಮಾತಿನಲ್ಲಿ, ಯಾರು ಎಂದು ಕೇಳಿತು.

ದೋರ್ಕಾ ಎದುರಿಗೆ ಬಂದು ನಿಂತು ಕೈಕಟ್ಟಿದಳು. ಲಾಸೇ ಕಣ್ಣು ಮುಚ್ಚಿಕೊಂಡು ಹೇಳಿದಳು: ನಾನು ವಾಪೋಳ ತಂಗಿ, ಆಸ್ಟ್ರೇಲಿಯಾದಿಂದ ಮಾತಾಡುತ್ತಿದ್ದೇನೆ. ನಿಮ್ಮ ಮೇಜಿನ ಕೆಳಗೆ ಗುಡಿಸುವವಳಿಗೆ ಎಡಗಣ್ಣು ಕಾಣುವುದಿಲ್ಲ. ಬಲಗಣ್ಣೂ ಹೋಗುತ್ತಿದೆ. ಅವಳು ಹೇಳಲಾರಳು, ಅದಕ್ಕೆ ನಾನು ಹೇಳುತ್ತಿದ್ದೇನೆ. ಈಗ ನೋಡಿ, ದಯವಿಟ್ಟು. ಸಾಲಿನಲ್ಲಿರುವವರಿಗೆ ನನ್ನ ಕ್ಷಮೆ ಹೇಳಿ.

ಬಾ ಇಲ್ಲಿ, ಬೆಳಕಿಗೆ ಬಾ ಎಂದು ಡಾಕ್ಟರು ವಾಪೋಗೆ ಹೇಳಿದ್ದು ದೂರದಿಂದ ಕೇಳಿಸಿತು. ಟಾರ್ಚಿನ ಗುಂಡಿ ಕಟಕ್ ಎಂದಿತು. ಅಳುವ ಮಗುವನ್ನು ಯಾರೋ ರಮಿಸುತ್ತಿದ್ದರು. ಸಾಲಿನಲ್ಲಿದ್ದವರಲ್ಲಿ ಒಬ್ಬರೂ ಗೊಣಗಿದ್ದು ಲಾಸೇಗೆ ಕೇಳಿಸಲಿಲ್ಲ.

"ಪೊರೆ ಇದು," ಎಂದರು ಡಾಕ್ಟರು ಫೋನಿಗೆ ಮರಳಿ. "ಎರಡೂ ಕಡೆ. ಕಣ್ಣಿನವರ ತಂಡ ಮಳೆಗಾಲ ಮುಗೀತಿದ್ದ ಹಾಗೆ ಬರುತ್ತೆ, ಪೊರೆ ತೆಗೀತಾರೆ. ಹೋದ ವರ್ಷಾನೂ ಬಂದಿದ್ರು. ಆಗ ಅವರ ಕೋಣೆ ತೊಳೆದುಕೊಟ್ಟೋಳು ಇವಳೇ." ಅವರ ದನಿಯಲ್ಲಿ ಸಿಟ್ಟಿತ್ತು, ಯಾರ ಮೇಲೆಂದು ಅವರಿಗೇ ಗೊತ್ತಿಲ್ಲದ ಸಿಟ್ಟು. "ಒಂದು ಮಾತು ಹೇಳಿದ್ರೆ ಹೆಸರು ಬರ್ಕೋತಿದ್ದೆ."

"ಎಡಗಣ್ಣೂ ಬರುತ್ತಾ?"

"ಅವರು ನೋಡಿ ಹೇಳ್ಬೇಕು. ಬಲಗಣ್ಣು ಬರುತ್ತೆ."

ಲಾಸೇ ಗೋಡೆಗೆ ಒರಗಿದಳು. ಇಷ್ಟಕ್ಕೇ ಸಾಕು, ಥ್ಯಾಂಕ್ಸ್ ಹೇಳಿ ಫೋನ್ ಇಡು ಎಂದು ಒಳಗಿನಿಂದ ಹಳೆಯ ದನಿಯೊಂದು ಹೇಳುತ್ತಿತ್ತು. ಡಾಕ್ಟರಿಗೆ ಊಟವಾಗಿಲ್ಲ, ಬಾಗಿಲಾಚೆಗೂ ಸಾಲಿದೆ.

"ಹಾಗಾದ್ರೆ ಈಗ್ಲೇ ಬರ್ಕೊಳ್ಳಿ," ಎಂದಳು. "ನಾನು ಫೋನಲ್ಲೇ ಇರ್ತೀನಿ. ಯಾವ ತಾರೀಖು ಅಂತಾನೂ ಹೇಳ್ಬಿಡಿ."

ಅತ್ತ ಒಂದು ನಿಟ್ಟುಸಿರು. ರಿಜಿಸ್ಟರು ಆಚೆ ಕೋಣೇಲಿದೆ, ತರ್ಬೇಕು ಎಂದರು ಡಾಕ್ಟರು. ತನ್ನಿ ಎಂದಳು ಲಾಸೇ. ಅವರು ಎದ್ದು ಹೋದ ಸದ್ದಾಯಿತು. ಮೇಜಿನ ಮೇಲಿದ್ದ ಫೋನಿನ ಹತ್ತಿರ ವಾಪೋ ಬಾಗಿ, "ಪಾಪ, ಅವರನ್ನ ಎಬ್ಬಿಸ್ಬಿಟ್ಟೆಯಲ್ಲೇ" ಎಂದು ಪಿಸುಗುಟ್ಟಿದಳು. ಆಮೇಲೆ ಅವಳ ಉಸಿರಾಟವಷ್ಟೇ ಕೇಳಿಸುತ್ತಿತ್ತು, ಬೇಗಬೇಗ, ಮೂಗು ಏರಿಸಿಕೊಳ್ಳುತ್ತ. ಲಾಸೇ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡು, ಡಾಕ್ಟರು ಪುಸ್ತಕ ತರುವವರೆಗೆ ಕಾಯುತ್ತ ನಿಂತಳು.